‘ರಿಸ್ಟೋರ್’ ಮಾಡೋದಕ್ಕೆ ಏನನ್ನೋಣ? ಜೊತೆಗೆ ಸೂತು, ಆಟೆ, ಕಮಾನು

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಶಬ್ದ ಬೇಕಾಗಿದೆ, ಅದೂ ತುಸು ಅವಸರದಲ್ಲಿ. ಪೇಂಟರ್ ಬ್ರಶ್ಶು ಅದ್ದಿಕೊಂಡು ಕೂತಿದ್ದಾನೆ.

ಗದಗಿನಲ್ಲಿ ನಮ್ಮ ಕಾಕಾರ ಹಿತ್ತಲಲ್ಲಿ ಒಂದು ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ಇದೆ. ಟಾಟಾದವರ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟಿತಲ್ಲ, ಆ ಕಾಲದ್ದು. ಒಪ್ಪಂದ ಮುಗಿದದ್ದು 1969ರಲ್ಲಿ. ಆಮೇಲಿನ ಗಾಡಿಗಳ ಮುಖದ ಮೇಲೆ ಬೆಂಜ್‌ನ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾದ ‘ಟಿ’ ಬಂತು. ನಕ್ಷತ್ರಕ್ಕೆ ನಮ್ಮ ಕಡೆ ಚಿಕ್ಕಿ ಅನ್ನುತ್ತೇವೆ, ನಮ್ಮ ಮನೆಯಲ್ಲಿ ಈ ಗಾಡಿಗೆ ‘ಚಿಕ್ಕಿ ಲಾರಿ’ ಅಂತಲೇ ಹೆಸರು. ಹತ್ತಿ ಅಂಡಿಗೆ, ಬ್ಯಾಡಗಿ ಮೆಣಸಿನಕಾಯಿ ಚೀಲ ಹೊತ್ತು ಹೊತ್ತು ಒಂದು ದಿನ ಬೇವಿನ ಗಿಡದ ಕೆಳಗೆ ನಿಂತದ್ದು, ಇಪ್ಪತ್ತು ವರ್ಷದ ಮೇಲಾಯಿತು, ಅಲ್ಲೇ ನಿಂತಿತ್ತು. ನಿಂತ ಗಾಡಿ ಅಂದರೆ ಓಣಿಯವರಿಗೆಲ್ಲ ಸ್ಪೇರ್ ಪಾರ್ಟಿನ ಅಂಗಡಿ ಇದ್ದಂತೆ. ಹ್ಯಾಂಡಲ್ ಹೋಯಿತು, ಒಂದು ಹೆಡ್‌ಲೈಟಿನ ಬಳೆ ಹೋಯಿತು, ಕಡೆಗೆ ಚಿಕ್ಕಿಯೂ ಹೋಯಿತು. ಹೆಸರು ಮಾತ್ರ ಉಳಿಯಿತು.

ಹೋದ ವರ್ಷ ಕಾಕಾ ಅದನ್ನು ಮತ್ತೆ ಓಡಿಸುತ್ತೇನೆ ಅಂತ ಹಟ ಹಿಡಿದರು. ಈಗ ಓಡುತ್ತಿದೆ. ಗಾಡಿ ಪಕ್ಕದಲ್ಲಿ ಒಂದು ತಗಡಿನ ಫಲಕ ಹಾಕಬೇಕು, ಯಾವ ಕಾಲದ್ದು, ಯಾವಾಗ ಏನು ಮಾಡಿಸಿದ್ದು ಅಂತ ಅದರ ಮೇಲೆ ಬರೆಯಬೇಕು. ಮನೆಯಲ್ಲಿ ನಾನೊಬ್ಬ ಕನ್ನಡ ಮಾಸ್ತರ, ಹಾಗಾಗಿ ಬರೆಯುವ ಕೆಲಸ ನನಗೆ ಬಿತ್ತು. ತೊಡಕು ಬಂದದ್ದು ಕ್ರಿಯಾಪದದಲ್ಲಿ.

‘ರಿಪೇರಿ’ ಅಂದರೆ ಪಂಕ್ಚರೂ ರಿಪೇರಿಯೇ. ‘ದುರಸ್ತಿ’ ಪಾರಸಿಯ ದುರುಸ್ತ್‌ನಿಂದ ಬಂದದ್ದು, ಸರಿಪಡಿಸುವುದು ಅಂತ. ಒಳ್ಳೆಯ ಶಬ್ದವೇ, ಆದರೆ ನನ್ನ ಕಿವಿಗೆ ಅದು ಪೋಡಿ ದುರಸ್ತಿ, ಬೋರ್‌ವೆಲ್ ದುರಸ್ತಿ ಅಂತ ಕಚೇರಿಯ ಕಾಗದದ ವಾಸನೆ ಹೊಡೆಯುತ್ತದೆ. ‘ಪುನಶ್ಚೇತನ’ ಶಿಬಿರಗಳಿಗೆ ಹೋಗಿ ಕೆಟ್ಟಿದೆ. ನಮ್ಮ ಮಿಸ್ತ್ರಿ ಹೇಳುವುದು ‘ಎಬ್ಬಿಸೋದು’: “ಇಂಥಾವು ನಾಕ ಗಾಡಿ ಎಬ್ಬಿಸೇನ್ರಿ ಮಾಸ್ತರ್ರ.” ನನಗೆ ಬಹಳ ಹಿಡಿಸಿತು. ಮಲಗಿದ್ದನ್ನೂ ಎಬ್ಬಿಸುತ್ತೇವೆ, ಗೋಡೆಯನ್ನೂ ಎಬ್ಬಿಸುತ್ತೇವೆ. ಆದರೆ ಒಕ್ಕಲೆಬ್ಬಿಸುವುದೂ ಅದೇ ಧಾತು. ಫಲಕದಲ್ಲಿ ‘ಈ ಲಾರಿಯನ್ನು ಎಬ್ಬಿಸಲಾಗಿದೆ’ ಅಂತ ಓದಿದವನು ಯಾರೋ ಗಾಡಿಯನ್ನು ಜಾಗದಿಂದ ಓಡಿಸಿದರು ಅಂದುಕೊಂಡಾನು.

(ಮಿಸ್ತ್ರಿ ಅಂದೆ, ಒಂದು ಮಾತು. ಅದು ಪೋರ್ಚುಗೀಸಿನ ಮೆಸ್ತ್ರೆ, ಮಾಸ್ತರ ಇಂಗ್ಲಿಷಿನ ಮಾಸ್ಟರ್. ಎರಡೂ ಲ್ಯಾಟಿನ್ನಿನ ಮಾಗಿಸ್ತೆರ್ ಮನೆತನದವು. ಇದನ್ನು ಆತನಿಗೆ ಹೇಳಿದೆ. “ಹಂಗಾರ ಪಗಾರನೂ ಒಂದ ಇರಬೇಕಿತ್ತಲ್ರಿ” ಅಂದ.)

ಉಳಿದದ್ದು ‘ಜೀರ್ಣೋದ್ಧಾರ’. ಲಾರಿಗೆ ಹೇಗೆ ಅನ್ನಬೇಡಿ. ಶಾಸನಗಳಲ್ಲಿ ದೇವರಿಗೆ ಭೂಮಿ ಬಿಡುವಾಗ ಅಂಗಭೋಗ, ರಂಗಭೋಗ, ನೈವೇದ್ಯಗಳ ಜೊತೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಅಂತ ಬರುತ್ತದಲ್ಲ. ಖಂಡ ಅಂದರೆ ಮುರಿದದ್ದು, ಸ್ಫುಟಿತ ಬಿರಿದದ್ದು, ಜೀರ್ಣ ಸವೆದದ್ದು. ಗಾಡಿಯ ಕೆಳಗೆ ಮಲಗಿ ನೋಡಿದರೆ ಮೂರೂ ಕಣ್ಣಿಗೆ ಬೀಳುತ್ತವೆ: ಎಡಗಡೆಯ ಪಾಟಾದಲ್ಲಿ (ಉಕ್ಕಿನ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು) ಎರಡು ಎಲೆ ಖಂಡ, ಹೊಗೆ ಹೋಗುವ ಮ್ಯಾನಿಫೋಲ್ಡ್ ಸ್ಫುಟಿತ, ಮುಂದಿನ ಗಾಲಿ ಹೊರಳುವ ಕಿಂಗ್ ಪಿನ್ನಿನ ಬುಶ್ಶು, ಅಂದರೆ ಪಿನ್ನಿನ ಸುತ್ತ ಕೂರುವ ಲೋಹದ ಕೊಳವೆ, ಜೀರ್ಣ. ಆ ಸೂತ್ರ ಬರೆಸಿದವರು ಕಟ್ಟಡವನ್ನು ಕೆಲಸಗಾರನ ಕಣ್ಣಿಂದ ನೋಡಿದ್ದರು. ಕೆಡುವುದರಲ್ಲೂ ಬಗೆಗಳಿವೆ ಅಂತ ಗೊತ್ತಿದ್ದವರು.

ಆದರೆ ಇಲ್ಲೇ ಸಿಕ್ಕಿಕೊಂಡಿದ್ದೇನೆ. ಆ ಮೂರೂ ಶಬ್ದ ಕೆಟ್ಟರೂ ಇರುವ ವಸ್ತುವಿಗೆ. ಇಲ್ಲವೇ ಇಲ್ಲ ಅನ್ನುವುದಕ್ಕೆ? ಇಲ್ಲದ ಚಿಕ್ಕಿ ಜೀರ್ಣವಾಗಿಲ್ಲ, ಅದನ್ನು ಉದ್ಧಾರ ಮಾಡೋಣವೆಂದರೆ ಮೊದಲು ಅದು ಸಿಗಬೇಕು.

ಯೋಚಿಸುತ್ತ ಯೋಚಿಸುತ್ತ ನಾನು ಮೂವತ್ತು ವರ್ಷ ಹೇಳಿಕೊಟ್ಟ ಸಂಧಿ ಪಾಠಕ್ಕೇ ಬಂದು ನಿಂತೆ. ನಗಬೇಡಿ. ಊರಿನ ಉಕಾರ ಬಿದ್ದು ‘ಊರಲ್ಲಿ’ ಆದದ್ದು ಲೋಪ, ‘ಮನೆಯಲ್ಲಿ’ಯ ಯಕಾರ ಆಗಮ, ‘ಮಳೆಗಾಲ’ದ ಗಕಾರ ಆದೇಶ. ಹೋದ ಚಿಕ್ಕಿ ಲೋಪ. ಕ್ಯಾಸೆಟ್ ಪ್ಲೇಯರ್ ಕೂರಿಸಲಿಕ್ಕೆ ಎಂದೋ ಡ್ಯಾಶಿನಲ್ಲಿ ಚೌಕ ತೂತು ಕೊರೆಸಿದ್ದಾರೆ, ಅದು ಆಗಮ. ‘ಮಿತ್ರವದಾಗಮಃ, ಶತ್ರುವದಾದೇಶಃ’ ಅಂತ ಹಳಬರು ಹೇಳುತ್ತಿದ್ದರಲ್ಲ, ಆಗಮ ಗೆಳೆಯನ ಹಾಗೆ ಬಂದು ಪಕ್ಕದಲ್ಲಿ ಕೂರುತ್ತದೆ, ಆದೇಶ ವೈರಿಯ ಹಾಗೆ ಇದ್ದವನನ್ನು ಎಬ್ಬಿಸಿ ತಾನು ಕೂರುತ್ತದೆ ಅಂತ. ಕಾಕಾ ಆ ಪ್ಲೇಯರನ್ನು ಈಗಲೂ ತೆಗೆಯಗೊಡುವುದಿಲ್ಲ.

ಆದೇಶ ಎಂಥ ವೈರಿ ಅನ್ನುವುದನ್ನು ಹೀಟರ್ ಪ್ಲಗ್‌ನಲ್ಲಿ ಕಂಡೆ. ಈ ಹಳೇ ಡೀಸೆಲ್ ಎಂಜಿನ್ನಿನಲ್ಲಿ, ಸ್ಟಾರ್ಟಿಗೆ ಮುಂಚೆ ಒಳಗೆ ಕಾಯಿಸಲಿಕ್ಕೆ, ಸಿಲಿಂಡರಿಗೊಂದರಂತೆ ಆರು ಪ್ಲಗ್, ಆರನ್ನೂ ಒಂದೇ ಸರದಲ್ಲಿ ಪೋಣಿಸಿರುತ್ತಾರೆ. ಡ್ಯಾಶಿನ ಮೇಲೆ ಸಣ್ಣ ಜಾಳಿಗೆಯ ಹಿಂದೆ ಒಂದು ತಂತಿಯ ಸುರುಳಿ, ಅದೂ ಅದೇ ಸರದ ಮಣಿ. ಗುಂಡಿ ಎಳೆದು ಹಿಡಿದರೆ ಸುರುಳಿ ನಿಧಾನ ಕೆಂಪಾಗುತ್ತದೆ, ಅಂದರೆ ಒಳಗೂ ಕಾದಿದೆ, ಇನ್ನು ಸ್ಟಾರ್ಟ್ ಹೊಡೆಯಬಹುದು. ನಮ್ಮ ಗಾಡಿಯ ಸುರುಳಿಯನ್ನು ಯಾರೋ ಕಿತ್ತೊಯ್ದಿದ್ದರು. ಅದರ ಜಾಗಕ್ಕೆ ಇನ್ಯಾರೋ ನೇರ ತಾಮ್ರದ ತಂತಿ ಜೋಡಿಸಿದ್ದರು. ಸುರುಳಿ ತಿನ್ನುತ್ತಿದ್ದ ವೋಲ್ಟೇಜೂ ಪ್ಲಗ್ಗುಗಳ ಮೇಲೇ ಬಿತ್ತು, ಅತಿಯಾಗಿ ಕಾದು ಒಂದು ಸುಟ್ಟಿತು. ಮಿಸ್ತ್ರಿ ಅಂದ: “ಒಂದ ಸತ್ರ ಆರೂ ಸತ್ಹಂಗ ನೋಡ್ರಿ. ಗಣಪ್ಪನ ಮುಂದ ಹಚ್ತಾರಲ್ಲ, ಸೀರಿಯಲ್ ಲೈಟಿನ ಸರ, ಹಂಗ.” ನಾವು ಸೀರಿಯಲ್ ಅನ್ನುವ ಆ ದೀಪದ ಸರದ ಹೆಸರಿನೊಳಗೆ ಇರುವುದು ಸೀರೀಸ್ ಅಂತ ನನಗೆ ಹೊಳೆದದ್ದು ಅವತ್ತೇ, ಅರವತ್ತು ದಾಟಿದ ಮೇಲೆ. ಕೊನೆಗೆ ಒಂದು ಸುರುಳಿ ಗುಜರಿಯಲ್ಲಿ ಬೇರೆ ಗಾಡಿಯ ಡ್ಯಾಶಿನಲ್ಲಿ ಸಿಕ್ಕಿತು.

ಬುಶ್ಶು ಮಾತ್ರ ಎಲ್ಲೂ ಸಿಗಲಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಅಂಗಡಿಗೆ ಹೋಗಿ ಗನ್‌ಮೆಟಲ್ ಅನ್ನುವ ಕಂಚಿನಲ್ಲಿ ಕಡೆಸಿದೆವು. ಟರ್ನರ್ ಹುಡುಗ ‘ಕಡೀತೇನ್ರಿ’ ಅಂದಾಗ ಲಕ್ಕುಂಡಿಯ ಗುಡಿಗಳ ತಿರುಗಣಿ ಕಂಬಗಳು ನೆನಪಾದವು. ಲೇತಿಗೆ ನಿಘಂಟಿನಲ್ಲಿ ‘ಕಡಚಲು’ ಅಂತ ಅಚ್ಚ ಕನ್ನಡದ ಹೆಸರೇ ಇದೆ. ಯಂತ್ರದ ಹೆಸರು ಬಾಯಿಂದ ಜಾರಿದರೂ ಕೆಲಸದ ಹೆಸರು, ‘ಕಡೆ’ ಅನ್ನುವ ಧಾತು, ಆ ಹುಡುಗನ ಬಾಯಲ್ಲಿ ಹಾಗೇ ಇದೆ.

ಅದೇ ಅಂಗಡಿಯಲ್ಲಿ ಕಿವಿಗೆ ಬಿದ್ದ ಇನ್ನೆರಡು ಶಬ್ದ. ಒಂದು ‘ಸೂತು’. ಇಂಚಿನ ಎಂಟನೇ ಒಂದು ಪಾಲು. “ಇನ್ನ ಅರ್ಧ ಸೂತ ತಗೀಬೇಕ” ಅನ್ನುತ್ತಾರೆ. ಗಾಡಿ ಜರ್ಮನ್ ವಂಶದ್ದು, ಅದರ ಅಳತೆಯೆಲ್ಲ ಮಿಲಿಮೀಟರಿನಲ್ಲಿ, ನಟ್ಟಿಗೆ ಹದಿನೇಳರ ಪಾನಾ (ಸ್ಪ್ಯಾನರ್), ಹತ್ತೊಂಬತ್ತರ ಪಾನಾ, ಆದರೂ ಬಾಯಿಲೆಕ್ಕ ಸೂತಿನಲ್ಲೇ. ಮೈಸೂರು ಕಡೆಯ ಬಡಗಿಗಳು ಇದೇ ಅಳತೆಗೆ ‘ನೂಲು’ ಅನ್ನುವುದನ್ನು ಕೇಳಿದ್ದೇನೆ. ಸೂತು ಅಂದರೂ ನೂಲೇ ತಾನೆ? ಒಂದನ್ನು ನೋಡಿ ಇನ್ನೊಂದನ್ನು ಮಾಡಿಕೊಂಡರೋ, ಗೆರೆ ಎಳೆಯುವ ದಾರದಿಂದ ಎರಡೂ ಕಡೆ ಬೇರೆಬೇರೆಯಾಗಿ ಹುಟ್ಟಿತೋ? ತಮಿಳು ಬಲ್ಲವರು ಅಲ್ಲಿಯ ಬಳಕೆಯನ್ನೂ ತಿಳಿಸಿದರೆ ಉಪಕಾರ.

ಇನ್ನೊಂದು ‘ಆಟೆ’. ಬೋಲ್ಟಿನ ಸುತ್ತುಗೆರೆ. “ಆಟೆ ಹೋಗ್ಯಾವ” ಅಂದರೆ ಬೋಲ್ಟು ತಿರುಗುತ್ತದೆ, ಬಿಗಿಯಾಗುವುದಿಲ್ಲ. ಮರಾಠಿಯಲ್ಲೂ ಇದೇ ಅರ್ಥ. ಬೆಂಗಳೂರು, ಮಂಗಳೂರಿನ ಗ್ಯಾರೇಜುಗಳಲ್ಲಿ ಏನನ್ನುತ್ತಾರೆ?

ಕಮಾನಿನ ಬಗ್ಗೆ ಚಿಕ್ಕ ಪ್ರಶ್ನೆ. ಪಾಟಾಕ್ಕೆ ಹಿರಿಯ ಡ್ರೈವರುಗಳು ‘ಕಮಾನು’ ಅಂತಲೂ ಅನ್ನುತ್ತಾರೆ. ಪಾರಸಿಯ ಕಮಾನ್, ಬಿಲ್ಲು. ಹಾಗಾದರೆ ಹಿಂದಿನ ಕಮಾನು ಗಾಡಿಗೆ ಆ ಹೆಸರು ಬಂದದ್ದು ಮೇಲಿನ ಬಾಗಿದ ಚಾವಣಿಯಿಂದಲೋ, ಕೆಳಗಿನ ಸ್ಪ್ರಿಂಗಿನಿಂದಲೋ? ಕೂತು ಬಂದವರು ಬಳಗದಲ್ಲಿ ಇದ್ದೇ ಇರುತ್ತೀರಿ.

ಮೂಲ ಪ್ರಶ್ನೆಗೆ ಬರುತ್ತೇನೆ. ಸವೆದದ್ದನ್ನು ಸರಿಮಾಡಿ, ಇಲ್ಲದ್ದನ್ನು ಹುಡುಕಿ, ಸಿಗದ್ದನ್ನು ಕಡೆಸಿ, ಮೊದಲು ಹೇಗಿತ್ತೋ ಹಾಗೆ ನಿಲ್ಲಿಸುವುದು, ಇಷ್ಟಕ್ಕೂ ಸೇರಿ ಒಂದು ಕ್ರಿಯಾಪದ ಬೇಕು. ನನ್ನ ಮನಸ್ಸು ಜೀರ್ಣೋದ್ಧಾರದ ಕಡೆಗೇ ಇದೆ, ಲೋಪ ಎಷ್ಟು ಅನ್ನುವುದನ್ನು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆಸಿದರಾಯಿತು ಅಂತ. ಚಿಕ್ಕಿ ಇನ್ನೂ ಸಿಕ್ಕಿಲ್ಲ. ಅದರ ಜಾಗ ಖಾಲಿ ಬಿಟ್ಟಿದ್ದೇವೆ, ಹೊಸದು ಮಾಡಿಸಬಾರದು ಅಂತ ನಾನೇ ತಡೆದೆ.

ಫಲಕ ಎರಡಡಿ ಅಗಲ, ಪೇಂಟರ್ ಅಕ್ಷರದ ಲೆಕ್ಕದಲ್ಲಿ ರೊಕ್ಕ ತಗೊಳ್ಳುತ್ತಾನೆ, ಒತ್ತಕ್ಷರಕ್ಕೆ ಬೇರೆ. ಕಾಕಾರದು ಬೇರೆಯೇ ವಾದ: “ಅಷ್ಟ್ಯಾಕ ತಲಿ ಕೆಡಿಸ್ಕೊಂತಿ? ಗಾಡಿ ರೆಡಿ ಮಾಡಿಸೇವಿ ಅಂತ ಬರಿ, ಮಂದಿಗೆ ತಿಳಿತೈತಿ.” ತಿಳಿಯುತ್ತದೆ, ಅದೇ ಕಷ್ಟ. ಕೆಟ್ಟದ್ದನ್ನು ಸರಿಮಾಡುವುದಕ್ಕೆ ‘ರೆಡಿ ಮಾಡು’ ಅನ್ನುವುದು ಕರ್ನಾಟಕದ ಎಲ್ಲ ಕಡೆ ಇದೆಯೋ, ಯಾವಾಗಿನಿಂದ ಇದೆಯೋ, ಅದನ್ನೂ ತಿಳಿಸಿ.