ಸಹಾಯ ಬೇಕು: ಪಂಚೆ ಉಟ್ಟ ಹುಡುಗನ ಕೈ ಎಲ್ಲಿಡಿಸಲಿ?

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಫೋಟೋ ತೆಗೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಇರುವುದು 50 ಎಂಎಂ ಲೆನ್ಸ್ ಒಂದೇ.

ಹೆಣ್ಣುಮಕ್ಕಳದ್ದು ಹೇಗೋ ಆಗುತ್ತದೆ. ಸ್ವಲ್ಪ ಪಕ್ಕಕ್ಕೆ ತಿರುಗಿ, ಭಾರ ಹಿಂದಿನ ಕಾಲಿನ ಮೇಲೆ ಹಾಕಿ, ಒಂದು ಕೈ ಸೆರಗಿನ ಮೇಲಿಡಿ ಅಂದರೆ ಸಾಕು, ನಿಲುವಿಗೆ ಚೆಂದದ ಬಳುಕು ಬರುತ್ತದೆ. ಹೋದ ತಿಂಗಳು ಗೆಳೆಯನಿಗೂ ಅದನ್ನೇ ಹೇಳಿದೆ. ಪಾಪ, ಬಸ್ಸಿಗೆ ಕಾದು ಸುಸ್ತಾದವನ ಹಾಗೆ ಕಂಡ. ನೇರ ನಿಲ್ಲಿಸಿದರೆ ಪಾಸ್‌ಪೋರ್ಟ್ ಫೋಟೋ! ಕೊನೆಗೆ ಗೋಡೆಗೆ ಒಂದು ಭುಜ ಒರಗಿಸಿ, ಹೆಬ್ಬೆರಳು ಹೊರಗಿಟ್ಟು ಕೈ ಜೇಬಿಗೆ ಹಾಕಿಸಿದೆ. ಆಗ ಒಂದೇ ಒಂದು ಸರಿ ಬಂತು.

ಆದರೆ ಈ ಹುಡುಗ ಪಂಚೆ, ಶಲ್ಯದಲ್ಲಿ ಇರುತ್ತಾನೆ. ಜೇಬೇ ಇಲ್ಲ. ಕೈ ಎಲ್ಲಿಡಿಸಲಿ? ಶಲ್ಯದ ಅಂಚು ಹಿಡಿಸಿದರೆ ಜಾಸ್ತಿ ನಾಟಕದ ಥರ ಆಗುತ್ತದೆ ಅಲ್ವಾ?

ಇನ್ನೊಂದು, ಹುಡುಗಿ ಅವನಿಗಿಂತ ಎರಡು ಇಂಚು ಎತ್ತರ. ಅವಳನ್ನು ಕೂರಿಸೋಣ ಅಂದುಕೊಂಡಿದ್ದೆ. "ನನ್ನ ಎತ್ತರ ಮುಚ್ಚಿಡಬೇಡ ಅಣ್ಣ" ಅಂದುಬಿಟ್ಟಳು. ಅವಳು ಹೇಳಿದ್ದೂ ಸರಿನೇ.

ನೀವು ತೆಗೆದದ್ದು ಇದ್ದರೆ ಹಾಕಿ. "ಸುಮ್ನೆ ನ್ಯಾಚುರಲ್ ಆಗಿ ಇರಿ ಅನ್ನು" ಅನ್ನುವ ಸಲಹೆ ಮಾತ್ರ ಬೇಡ. ಅದನ್ನು ಕೇಳಿದ ಕೂಡಲೇ ಎಲ್ಲರೂ ಕಂಬ ಆಗುತ್ತಾರೆ.