ಡಬ್ಲಿನ್‌ನಲ್ಲಿ ಅಪ್ಪನಿಗೆ ವಿಸ್ಕಿ ಬಟ್ಟಿ ತೋರಿಸಬೇಕು: ಹೋಗಿ ಬಂದವರು ಅನುಭವ ಹೇಳಿ

ಹಾಸನದವನು (ಪ್ರಶ್ನೆ):
ಅಪ್ಪ, ಅಮ್ಮ ಮುಂದಿನ ತಿಂಗಳು ಹಾಸನದಿಂದ ನಮ್ಮಲ್ಲಿಗೆ ಬರುತ್ತಿದ್ದಾರೆ. ಅಪ್ಪನಿಗೆ 68 ವರ್ಷ. ಸಂಜೆ ಒಂದು ಪೆಗ್ಗಿನ ಅಭ್ಯಾಸ. ಅದಕ್ಕಿಂತ ಹೆಚ್ಚಾಗಿ ಯಂತ್ರ ನೋಡುವ ಹುಚ್ಚು, ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮೊಣಕಾಲು ನೋವಿದೆ, ಮೆಟ್ಟಿಲು ಹತ್ತಲು ಕಷ್ಟ. ಅಮ್ಮ ಕುಡಿಯುವುದಿಲ್ಲ, ಆದರೆ ಅವರನ್ನು ಒಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಿಲ್ಲ. ಡಬ್ಲಿನ್‌ನ ಲಿಬರ್ಟೀಸ್ ಭಾಗದಲ್ಲಿ ಟೀಲಿಂಗ್, ಪಿಯರ್ಸ್ ಲಯನ್ಸ್ ಎಂಬ ಡಿಸ್ಟಿಲರಿಗಳಿವೆ. ಇನ್ನೂ ಚಿಕ್ಕವು ಇದ್ದರೂ ಸರಿ. ಯಾವುದಕ್ಕೆ ಕರೆದುಕೊಂಡು ಹೋಗಲಿ?

ಶಿರಾದವರು:
ಮೊದಲು ನನ್ನ ಲೆಕ್ಕ ಕೇಳಿ, ಆಮೇಲೆ ಟಿಕೆಟ್ ಮಾಡಿಸಿ. ಹೆಸರು ಬೇಡ, ಊರೊಳಗಿನ ಒಂದು ಹೊಸ ಡಿಸ್ಟಿಲರಿ. ತಲಾ 28 ಯೂರೋ, ನಾಲ್ಕು ಜನಕ್ಕೆ 112. ನಾವು ಹೊರಟ ದಿನ ಟ್ರಾಮ್ ನಡುದಾರಿಯಲ್ಲಿ ನಿಂತುಬಿಟ್ಟಿತು. ಇಳಿದು ಟ್ಯಾಕ್ಸಿ ಹಿಡಿದೆವು, 19 ಯೂರೋ. ಬಾಗಿಲು ಮುಟ್ಟುವಾಗ 12 ನಿಮಿಷ ತಡ. ಒಳಗೆ ಬಿಡಲಿಲ್ಲ, ಹಣವನ್ನೂ ಹಿಂದಿರುಗಿಸಲಿಲ್ಲ. ಅಪ್ಪ ಊರಿಂದ ಬಂದಿದ್ದಾರೆ, ಹಾಗೇ ವಾಪಸ್ ಕರೆದುಕೊಂಡು ಹೋಗಲು ಮನಸ್ಸು ಬರಲಿಲ್ಲ. ಎರಡು ಗಂಟೆ ಕಾದು ಮತ್ತೆ 112 ಕೊಟ್ಟೆ. ಒಟ್ಟು 243 ಯೂರೋ. ಕೊನೆಯಲ್ಲಿ ಸಿಕ್ಕಿದ್ದು ತಲಾ ಮೂರು ಪುಟ್ಟ ಲೋಟ, ಒಂದೊಂದರಲ್ಲಿ 15 ಮಿಲಿ. ಅಂದರೆ ಒಂದೂವರೆ ಪೆಗ್ಗು.

ಇದೆಲ್ಲ ಹೋಗಲಿ. ಆ ಮೂರರಲ್ಲಿ ಒಂದೂ ಅಲ್ಲಿ ಬಟ್ಟಿ ಇಳಿಸಿದ್ದಲ್ಲ! ನಾನು ಕೇಳಿದ ಮೇಲೆ ನಮ್ಮ ಗೈಡ್ ಹುಡುಗಿ ತಲೆ ತಗ್ಗಿಸಿ ಒಪ್ಪಿಕೊಂಡಳು. ಬೇರೆಯವರ ವಿಸ್ಕಿ ಕೊಂಡು ತಮ್ಮ ಚೀಟಿ ಅಂಟಿಸಿದ್ದಾರೆ. ಎರಡು ವರ್ಷವಾಯಿತು, ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ತಾಮ್ರದ ಹಂಡೆ:
ಶಿರಾದವರೇ, ಅದನ್ನು ಮೋಸ ಎನ್ನಬೇಡಿ. ಐರಿಶ್ ವಿಸ್ಕಿ ಎನ್ನಿಸಿಕೊಳ್ಳಲು ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕೂರಬೇಕು, ಅದು ಕಾನೂನು. ಇವತ್ತು ಬಟ್ಟಿ ಹಚ್ಚಿದವನು ಆ ಮೂರು ವರ್ಷ ಏನು ಮಾರಬೇಕು? ಡಬ್ಲಿನ್‌ನದೇ ರೋ ಅಂಡ್ ಕೋ ಎಂಬ ವಿಸ್ಕಿ ಅಂಗಡಿಗೆ ಬಂದದ್ದು 2017ರಲ್ಲಿ, ಅವರ ಡಿಸ್ಟಿಲರಿ ತೆರೆದದ್ದು 2019ರಲ್ಲಿ. ಎಲ್ಲರಿಗೂ ಗೊತ್ತಿರುವ ವಿಷಯ.

ನಾನು ಹೋದದ್ದು ನ್ಯೂಮಾರ್ಕೆಟ್‌ನ ಟೀಲಿಂಗ್‌ಗೆ, ಮೂರು ಸಲ. 2015ರಲ್ಲಿ ಅದು ಶುರುವಾದಾಗ 125 ವರ್ಷಗಳಲ್ಲಿ ಡಬ್ಲಿನ್‌ಗೆ ಬಂದ ಮೊದಲ ಹೊಸ ಡಿಸ್ಟಿಲರಿ. ಅಲ್ಲಿನ ಮೂರು ತಾಮ್ರದ ಬಟ್ಟಿಗಳಿಗೆ ಸ್ಥಾಪಕ ಜ್ಯಾಕ್ ಟೀಲಿಂಗ್ ತಮ್ಮ ಹೆಣ್ಣುಮಕ್ಕಳ ಹೆಸರಿಟ್ಟಿದ್ದಾರೆ: ಆಲಿಸನ್, ನ್ಯಾಟಲಿ, ರೆಬೆಕಾ. ಹುದುಗು ಬರುವ ತೊಟ್ಟಿಗಳ ಬಳಿ ನಿಂತಾಗ ನನಗೆ ಅಜ್ಜಿಯ ಅಡುಗೆಮನೆ ನೆನಪಾಯಿತು. ಬೇಸಿಗೆಯಲ್ಲಿ ರಾತ್ರಿಯಿಡೀ ಉಕ್ಕಿ ಪಾತ್ರೆಯಿಂದ ಹೊರಗೆ ಬಂದ ದೋಸೆ ಹಿಟ್ಟಿನ ಅದೇ ಹುಳಿ ವಾಸನೆ. ಇನ್ನೊಂದು ಕಡೆ ಬಟ್ಟಿಯಿಂದ ಆಗಷ್ಟೇ ಇಳಿದ, ನೀರಿನಂತೆ ತಿಳಿಯಾದ ಮದ್ಯವನ್ನು ಅಂಗೈಗೆ ನಾಲ್ಕು ಹನಿ ಹಾಕಿದರು. ಎರಡೂ ಕೈ ಉಜ್ಜಿ ಮೂಗಿಗೆ ಹಿಡಿದೆ. ಮೊದಲು ಕಣ್ಣು ಚುರ್ರೆಂದಿತು. ಮದ್ಯ ಆರಿದ ಮೇಲೆ ಅಂಗೈಯಲ್ಲಿ ಉಳಿದದ್ದು ಹುರಿದ ಕಾಳಿನ ಪರಿಮಳ, ಆಮೇಲೆ ಬಾಳೆಹಣ್ಣು. ಬಸ್ಸಿನಲ್ಲಿ ಮನೆ ತಲುಪುವವರೆಗೂ ಕೈ ತೊಳೆಯಲಿಲ್ಲ. 45 ಮಿಲಿಯ ಲೆಕ್ಕ ಹಾಕುವವರಿಗೆ ಪಬ್ಬು ಇದೆ, ಅಲ್ಲಿ ಒಂದು ಅಳತೆಗೆ 35.5 ಮಿಲಿ ಕೊಡುತ್ತಾರೆ.

ಕೆಂಗೇರಿ ಕಡೆಯವನು:
ಇಷ್ಟು ದೂರ ಬಂದು ಇವರ ಬಟ್ಟಿ ನೋಡಿ ಬೆರಗಾಗುವವರು ನಮ್ಮ ಮೈಸೂರು ರಸ್ತೆಯ ಕಂಬೀಪುರದ ಕಡೆ ಒಮ್ಮೆಯಾದರೂ ತಿರುಗಿ ನೋಡಿದ್ದೀರಾ? ಅಲ್ಲಿ ವಿಸ್ಕಿ ಮಾಡುವ ಅಮೃತ್ 1948ರಲ್ಲಿ ಶುರುವಾದ ಕಂಪನಿ. 2004ರಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದಷ್ಟೇ ಮಾಡಿದ ವಿಸ್ಕಿ) ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲೇ ಬಿಡುಗಡೆ ಮಾಡಿದ ಎದೆಗಾರಿಕೆ ಅವರದು. ಇಲ್ಲಿಯ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ನೂರಕ್ಕೆ 2 ಭಾಗ ಆವಿಯಾಗುತ್ತದೆ. ಬೆಂಗಳೂರಿನಲ್ಲಿ 10ರಿಂದ 12. ಹತ್ತು ವರ್ಷ ಇಟ್ಟರೆ ಪೀಪಾಯಿಯಲ್ಲಿ ಮೂರನೇ ಒಂದು ಭಾಗ ಉಳಿದರೆ ಹೆಚ್ಚು. ಅಷ್ಟು ಕಳೆದುಕೊಂಡು ಮಾಡಿದ ಸರಕು ಅದು. ನನ್ನ ಅಪ್ಪ ಬಂದಾಗ ನಾನು ಯಾವ ಟಿಕೆಟ್ಟೂ ಕೊಳ್ಳಲಿಲ್ಲ. ಮನೆಯಲ್ಲೇ ಅಮೃತ್‌ನ ಫ್ಯೂಷನ್ ವಿಸ್ಕಿ ಬಾಟಲಿ ತೆರೆದೆ.

ತಾಮ್ರದ ಹಂಡೆ:
ಅಮೃತ್ ಬಗ್ಗೆ ನನಗೂ ಅಭಿಮಾನವಿದೆ. ಆದರೆ ಪ್ರಶ್ನೆ ಡಬ್ಲಿನ್‌ನದು. ಎಲ್ಲಿ ಏನು ಮಾತಾಡಿದರೂ ಕಂಬೀಪುರಕ್ಕೆ ಎಳೆದುಕೊಂಡು ಹೋಗುವುದನ್ನು ನಿಲ್ಲಿಸಿ.

ಕೆಂಗೇರಿ ಕಡೆಯವನು:
ಊರಿನ ಹೆಸರು ಕೇಳಿದರೆ ಇಷ್ಟು ಕೋಪವೇಕೆ? ನಿಮ್ಮ ಹಾಗೆ ಮೂರು ಸಲ ಹಣ ಸುರಿದವನಲ್ಲ ನಾನು.

ಲ್ಯೂಕನ್ ಮನೆಯವಳು:
ನಾವು ಮಾವನವರನ್ನು ಕರೆದುಕೊಂಡು ಹೋಗಿದ್ದೆವು. ಊರಿನಲ್ಲಿ ಅವರದು ಒಂದೇ ಪದ್ಧತಿ: ವಿಸ್ಕಿಗೆ ಸೋಡಾ, ಪಕ್ಕದಲ್ಲಿ ಕಾಂಗ್ರೆಸ್ ಕಡಲೆಕಾಯಿ. ಟೇಸ್ಟಿಂಗ್ ಕೋಣೆಯಲ್ಲಿ ಮೆಲ್ಲಗೆ ಸೋಡಾ ಸಿಗುತ್ತದೆಯೇ ಎಂದು ಕೇಳಿದರು. ನಮ್ಮ ಮೇಜಿನಲ್ಲಿದ್ದ ಇಬ್ಬರು ಮುಖ ಮುಖ ನೋಡಿಕೊಂಡು ನಕ್ಕರು. ಅವರಲ್ಲಿ ಒಬ್ಬರು ಕನ್ನಡದವರೇ ಎಂದು ಆಮೇಲೆ ಗೊತ್ತಾಯಿತು. ಮಾವ ಲೋಟ ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ. ಗೈಡ್ ಒಳ್ಳೆಯವನು, ಜಗ್ಗಿನಲ್ಲಿ ನೀರು ತಂದು, ಹನಿ ನೀರು ಬಿದ್ದರೆ ವಾಸನೆ ಬಿಚ್ಚಿಕೊಳ್ಳುತ್ತದೆ, ತಾನೂ ಹಾಕಿಕೊಳ್ಳುತ್ತೇನೆ ಎಂದ. ಆದರೆ ಮಾವನವರ ಮುಖ ಬಾಡಿ ಆಗಿತ್ತು. ದೊಡ್ಡವರನ್ನು ಕರೆದುಕೊಂಡು ಹೋಗುವುದಾದರೆ ಗುಂಪಿನ ಟಿಕೆಟ್ ಬೇಡ.

ಬರಿದೇ ಕುಡಿಯುವವನು:
ನಕ್ಕದ್ದು ತಪ್ಪು. ಆದರೆ ಮೂರು ಸಲ ಬಟ್ಟಿ ಇಳಿಸಿ ಹದಗೊಳಿಸಿದ್ದಕ್ಕೆ ಸೋಡಾ ಸುರಿದರೆ ರುಚಿ ನೋಡಿದಂತೆಯೇ ಆಗುವುದಿಲ್ಲ. ಇದನ್ನು ಯಾರಾದರೂ ಹೇಳಲೇಬೇಕು.

ಲ್ಯೂಕನ್ ಮನೆಯವಳು:
68, 70 ವರ್ಷದವರಿಗೆ ನೀವು ಕುಡಿಯಲು ಕಲಿಸಬೇಕಾಗಿಲ್ಲ.

ತುಮಕೂರು ಮೂಲ:
ನಾನು ಕಾರು ತೆಗೆದುಕೊಂಡು ಹೋಗಿದ್ದೆ. ಮೂರು ಲೋಟ ಏನೂ ಆಗುವುದಿಲ್ಲ, ಒಂದು ಗಂಟೆ ಕೂತು ಹೊರಟೆ. ನಿಲುಗಡೆಗೆ 9 ಯೂರೋ, ಅಷ್ಟೇ.

ಶಿರಾದವರು:
ಇದನ್ನು ಇಲ್ಲಿ ಬರೆಯಲು ನಿಮಗೆ ಏನೂ ಅನ್ನಿಸುವುದಿಲ್ಲವೇ? ಇಲ್ಲಿ ಗಾಡಿ ಓಡಿಸುವವರಿಗೆ ಮಿತಿ 100 ಮಿಲಿ ರಕ್ತಕ್ಕೆ 50 ಮಿಲಿಗ್ರಾಂ ಮದ್ಯಸಾರ. ಕಲಿಕಾ ಪರವಾನಗಿ ಇದ್ದವರಿಗೆ, ಪೂರ್ಣ ಪರವಾನಗಿ ಸಿಕ್ಕ ಮೊದಲ ಎರಡು ವರ್ಷದವರಿಗೆ 20 ಮಾತ್ರ. ನಮ್ಮವರಲ್ಲಿ ಹೊಸಬರೇ ಹೆಚ್ಚು. ನಿಮ್ಮನ್ನು ನೋಡಿ ಒಬ್ಬ ಹುಡುಗ ಗಾಡಿ ತೆಗೆದರೆ? ದಯವಿಟ್ಟು ಅಳಿಸಿ.

ತುಮಕೂರು ಮೂಲ:
ನನ್ನ ಅನುಭವ ಕೇಳಿದರು, ಹೇಳಿದೆ. ನಿಮ್ಮ ಟ್ಯಾಕ್ಸಿಗೆ 19 ಯೂರೋ ಹೋದ ಸಿಟ್ಟು ನನ್ನ ಮೇಲೆ ಬೇಡ.

ಎರಡು ಲೀಟರ್:
ಬಾಟಲಿ ಕೊಳ್ಳುವವರು ಗಮನಿಸಿ. ಭಾರತಕ್ಕೆ ಸುಂಕವಿಲ್ಲದೆ ಒಬ್ಬರು ಒಯ್ಯಬಹುದಾದ ಮದ್ಯ 2 ಲೀಟರ್. ಇಲ್ಲಿಯ ಬಾಟಲಿ 700 ಮಿಲಿ. ನನ್ನ ಅಣ್ಣ ಟೇಸ್ಟಿಂಗ್ ಮುಗಿಸಿದ ಹುರುಪಿನಲ್ಲಿ ಮೂರು ಬಾಟಲಿ ಕೊಂಡ: 2.1 ಲೀಟರ್. ನೂರು ಮಿಲಿ ಹೆಚ್ಚು! ಇಳಿದ ಮೇಲೆ ತಪಾಸಣೆಯಲ್ಲಿ ಒಂದು ಬಾಟಲಿ ಅಲ್ಲೇ ಬಿಟ್ಟುಬಂದ. ಅದೂ ಅಲ್ಲಿಯ ಅಂಗಡಿಯಲ್ಲಿ ಮಾತ್ರ ಸಿಗುವ, ಒಂದೇ ಪೀಪಾಯಿಯದು, 85 ಯೂರೋ. ಅತ್ತಿಗೆಯ ಪಾಸ್‌ಪೋರ್ಟ್ ಮೇಲೆ ಏನೂ ಇರಲಿಲ್ಲ, ಹಂಚಿಕೊಂಡಿದ್ದರೆ ಮುಗಿಯುತ್ತಿತ್ತು. ಈ ಮಾತು ಎತ್ತಿದರೆ ಅವರ ಮನೆಯಲ್ಲಿ ಇನ್ನೂ ಜಗಳವಾಗುತ್ತದೆ.

ಹಾಸನದವನು:
ಎಲ್ಲರಿಗೂ ಧನ್ಯವಾದ. ಮೆಟ್ಟಿಲಿನ ವಿಷಯ, ಅಮ್ಮನ ವಿಷಯ ಯಾರಾದರೂ ಹೇಳುತ್ತೀರಾ?

ಕಡೂರಿನ ಮಗಳು:
ನಾನು ಹೇಳುತ್ತೇನೆ, ನನ್ನ ತಾಯಿಯೂ ಕುಡಿಯುವವರಲ್ಲ. ಅವರಿಗೆ ಅಲ್ಲಿ ಹಿಡಿಸಿದ್ದು ಕಥೆ. 1875ರ ಜೂನ್ 18ರಂದು ಲಿಬರ್ಟೀಸ್‌ನಲ್ಲಿ ಮದ್ಯದ ಉಗ್ರಾಣಕ್ಕೆ ಬೆಂಕಿ ಬಿತ್ತಂತೆ. ಉರಿಯುವ ವಿಸ್ಕಿ ಬೀದಿಯಲ್ಲಿ ಹೊಳೆಯಾಗಿ ಹರಿಯಿತು. ನೀರು ಹಾಕಿದರೆ ಬೆಂಕಿ ಇನ್ನಷ್ಟು ಹಬ್ಬುತ್ತದೆಂದು ಕುದುರೆ ಲದ್ದಿ ತಂದು ಒಡ್ಡು ಕಟ್ಟಿದರು. ಸತ್ತವರು 13 ಜನ. ಅವರಲ್ಲಿ ಒಬ್ಬರೂ ಸುಟ್ಟು ಸಾಯಲಿಲ್ಲ, ಎಲ್ಲರೂ ಬೀದಿಯ ವಿಸ್ಕಿಯನ್ನು ಬೊಗಸೆಯಲ್ಲಿ, ಟೋಪಿಯಲ್ಲಿ, ಬೂಟಿನಲ್ಲಿ ತುಂಬಿಕೊಂಡು ಕುಡಿದವರು. ಅಮ್ಮ ಊರಿಗೆ ಹೋಗಿ ಎಲ್ಲರಿಗೂ ಇದನ್ನೇ ಹೇಳಿದರು. ಪಿಯರ್ಸ್ ಲಯನ್ಸ್ ಇರುವುದು ಹಳೆಯ ಚರ್ಚಿನಲ್ಲಿ, ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ಬಟ್ಟಿಗಳು. ಕುಡಿಯದವರಿಗೆ ಅದನ್ನು ನೋಡುವುದೇ ಒಂದು ಸಂತೋಷ.

ಮೆಟ್ಟಿಲಿನ ವಿಷಯಕ್ಕೆ ಬಂದರೆ, ನಾವು ಹೋದ ಇನ್ನೊಂದು ಕಡೆ ಬಟ್ಟಿಯ ಮಟ್ಟಕ್ಕೆ ಹೋಗಲು ಕಬ್ಬಿಣದ ಜಾಲರಿ ಮೆಟ್ಟಿಲು 22 ಇದ್ದವು. ಎಣಿಸಿದ್ದೇನೆ, ಏಕೆಂದರೆ ಅಮ್ಮ ಒಂದೊಂದಕ್ಕೂ ನಿಂತರು. ಕೆಳಗೆ ಇಳಿದ ಮೇಲೆ ಹಿಂಬದಿಯಲ್ಲಿ ಲಿಫ್ಟ್ ಇದೆ ಎಂದು ಹೇಳಿದರು. ಆದ್ದರಿಂದ ಟಿಕೆಟ್ ಮಾಡಿಸುವ ಮೊದಲೇ ಪತ್ರ ಬರೆದು ಮೊಣಕಾಲಿನ ವಿಷಯ ತಿಳಿಸಿ. ತಂದೆಯವರು ಫಿಟ್ಟರ್ ಎಂದೂ ಬರೆಯಿರಿ, ಅಂತಹವರು ಬಂದರೆ ಕೆಲಸದವರೇ ಮುಂದೆ ಬಂದು ಕವಾಟ, ಕೊಳವೆ ತೋರಿಸುತ್ತಾರೆ. ಅಮ್ಮನಿಗೆ ಸ್ವೆಟರ್ ತೆಗೆಯಲು ಹೇಳಿ, ಬಟ್ಟಿಯ ಬಳಿ ಬಚ್ಚಲ ಒಲೆಯ ಮುಂದೆ ಕೂತಷ್ಟು ಸೆಖೆ.