ನಿಧಾನದ ಹಾಡಿಗೆ ಜನ ಕುರ್ಚಿ ಹಿಡೀತಾರೆ: ಓದುಗರ ಸ್ಪಂದನ

ಸಮಸ್ಯೆ: ರಿಸೆಪ್ಷನ್‌ಗಳಲ್ಲಿ ಡಿಜೆ ಮಾಡುವ ಕಲಬುರಗಿಯ ಓದುಗರೊಬ್ಬರು ಬರೆದಿದ್ದರು: "124 ಬಿಪಿಎಂನಲ್ಲಿ (ನಿಮಿಷಕ್ಕೆ 124 ಬೀಟ್) ಎಲ್ಲರೂ ಕುಣಿಯುತ್ತಿರುವಾಗ ನನಗಿಷ್ಟದ ಒಂದು ಆಂಬಿಯೆಂಟ್ ಟ್ರ್ಯಾಕ್, ಅಂದರೆ ಉದ್ದನೆಯ ಸ್ವರಗಳ ನಿಧಾನದ ಹಾಡು, ಹಾಕುತ್ತೇನೆ. ಅದರಲ್ಲಿ ಡ್ರಮ್ ಇಲ್ಲ. ಎರಡು ಹಾಡಿನ ವೇಗ ತಾನಾಗಿ ಹೊಂದಿಸುವ ಸಿಂಕ್ ಬಟನ್ ಒತ್ತಿದರೆ ಎಲ್ಲ ಕಲಸಿಹೋಗುತ್ತದೆ, ಜನ ಕುರ್ಚಿ ಹಿಡಿಯುತ್ತಾರೆ. ಆ ಹಾಡು ಬಿಡಲು ಮನಸ್ಸಿಲ್ಲ. ಏನು ಮಾಡಲಿ?"

ತಮ್ಮಾ, ಬಿಡಬೇಡ. ಮೊದಲು ಆ ಸಿಂಕ್ ಬಟನ್‌ನಿಂದ ಕೈ ತೆಗಿ. ಡ್ರಮ್ಮೇ ಇಲ್ಲದ ಹಾಡಿನಲ್ಲಿ ಸಾಫ್ಟ್‌ವೇರ್ ಹೇಳುವ ಬಿಪಿಎಂ ಬರೀ ಅಂದಾಜು. 62 ಅಂತಲೂ ತೋರಿಸಬಹುದು, 93 ಅಂತಲೂ ತೋರಿಸಬಹುದು. ಆ ಅಂದಾಜಿಗೆ ಹಾಡನ್ನು ಎಳೆದು ಕೂರಿಸಿದರೆ ಉದ್ದನೆಯ ಸ್ವರಗಳು ನಡುಗುತ್ತವೆ. ನಿಜವಾಗಿ 62ರ ಲಯ ಇದ್ದರೆ ನಿನ್ನ 124ಕ್ಕೆ ತಾನಾಗಿ ಕೂಡುತ್ತದೆ, ಒಂದಕ್ಕೆ ಎರಡು. ಇಲ್ಲದಿದ್ದರೆ ಕೂಡಿಸುವ ಹಟ ಬೇಡ.

ಬೀಟನ್ನೇ ಮೆಲ್ಲಗೆ ಕಳಿಸಿಕೊಡು. ಆಂಬಿಯೆಂಟ್ ಟ್ರ್ಯಾಕಿನ ಬಾಸ್ ಪೂರ್ತಿ ಇಳಿಸಿ, ಓಡುತ್ತಿರುವ ಹಾಡಿನ ಕೆಳಗೆ 32 ಬಾರ್ (ನಾಲ್ಕು ಬೀಟಿಗೆ ಒಂದು ಬಾರ್) ಮೊದಲೇ ಹರಿಯಲು ಬಿಡು. 124ರಲ್ಲಿ ಅದು ಸುಮಾರು ಒಂದು ನಿಮಿಷ. ಕುಣಿಯುವವರಿಗೆ ಅದು ಬಂದದ್ದೇ ಗೊತ್ತಾಗಲ್ಲ. ಓಡುತ್ತಿರುವ ಹಾಡಿನಲ್ಲಿ ಡ್ರಮ್ ನಿಲ್ಲುವ ಬ್ರೇಕ್‌ಡೌನ್ ಬರುತ್ತಲ್ಲ, ಅಲ್ಲಿ ಅದರ ಬಾಸ್ ತೆಗಿ, ಎಕೋ ಹಾಕು, ಫೇಡರ್ ಇಳಿಸು. ಎಕೋ ಕರಗುತ್ತಾ ಹೋದಂತೆ ಕೆಳಗಿದ್ದದ್ದು ಮೇಲೆ ಬರುತ್ತದೆ. ಎರಡೂ ಹಾಡಿನ ಬಾಸ್ ಮಾತ್ರ ಒಟ್ಟಿಗೆ ತೆರೆದಿಡಬೇಡ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಅದು ಬರೀ ಗುಂಯ್ ಅನ್ನುತ್ತೆ.

ಹೋದ ಬೇಸಿಗೆಯಲ್ಲಿ ಒಂದು ಮದುವೆಯಲ್ಲಿ ಹೀಗೇ ಮಾಡಿದೆ. ರಾತ್ರಿ ಒಂಬತ್ತಾದರೂ ನೆಲ ಇನ್ನೂ ಕಾದೇ ಇತ್ತು. ಹುಡುಗರು ಬೆವರು ಒರೆಸಿಕೊಳ್ಳುತ್ತಾ ಅಲ್ಲೇ ನಿಂತರು, ಯಾರೂ ಹೊರಗೆ ಹೋಗಲಿಲ್ಲ. ಮಲಗಿದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡಿದ್ದ ಒಬ್ಬ ಅಜ್ಜಿ ನಿಂತಲ್ಲೇ ತೂಗುತ್ತಿದ್ದಳು. ನಿಧಾನದ ಹಾಡು ಎರಡು ನಿಮಿಷ ಸಾಕು. ಐದು ನಿಮಿಷವಾದರೆ ಎಲ್ಲ ಊಟದ ಕಡೆ ನಡೀತಾರೆ.
– ಹತ್ತು ವರ್ಷದಿಂದ ಡಿಜೆ, ಕಲಬುರಗಿ

ನಾನು ಭಜನೆ ಮೇಳದಲ್ಲಿ ತಬಲಾ ನುಡಿಸುವವನು. ನಿಮ್ಮ ಪತ್ರ ಓದಿ ಸುಮ್ಮನಿರಲು ಆಗಲಿಲ್ಲ. ನೀವು ಲಯ ಕೂಡಿಸಲು ಒದ್ದಾಡುತ್ತಿದ್ದೀರಿ, ಆದರೆ ಕೂಡಬೇಕಾದದ್ದು ಶ್ರುತಿ. ಆಲಾಪಕ್ಕೆ ತಾಳ ಇಲ್ಲ, ತಂಬೂರಿಯ ಶ್ರುತಿ ಹಿಡಿದೇ ಅದು ನಿಲ್ಲುತ್ತೆ ಅಲ್ವಾ? ನನ್ನ ಮಗ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದ: ಡಿಜೆ ಸಾಫ್ಟ್‌ವೇರ್‌ನಲ್ಲಿ ಪ್ರತಿ ಹಾಡಿಗೂ 8ಎ, 9ಎ ಎಂದು ಕೀ, ಅಂದರೆ ಅದರ ಶ್ರುತಿ, ಬರೆದಿರುತ್ತದಂತೆ. 8ಎ ಹಾಡಿಗೆ 7ಎ, 9ಎ, 8ಬಿ ಹೊಂದುತ್ತವೆ. ಕೇಳಿ ನೋಡಿದೆ, ನಿಜ. ಇನ್ನೊಂದು, ಶ್ರುತಿ ಸರಿಯದಂತೆ ಹಿಡಿದಿಡುವ ಕೀ ಲಾಕ್ ಹಾಕದೆ ವೇಗವನ್ನು ಶೇ 6ರಷ್ಟು ಬದಲಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಸರಿಯುತ್ತದೆ. ಅಷ್ಟು ಸಾಕು ಕಿವಿಗೆ ಚುಚ್ಚಲು.

ಮತ್ತೆ ಬೀಟಿಗೆ ಮರಳುವುದನ್ನು ಖವ್ವಾಲಿಯಿಂದ ಕಲಿಯಿರಿ. ನಿಮ್ಮೂರಿನ ಬಂದೇ ನವಾಜ್ ದರ್ಗಾದ ಉರುಸಿಗೆ ಹೋಗಿ ಕೂತು ಕೇಳಿ. ಮೊದಲು ಹಾರ್ಮೋನಿಯಂ ಮೇಲೆ ತಾಳವಿಲ್ಲದ ಆಲಾಪ, ಆಮೇಲೆ ಢೋಲಕ್, ಅದರ ಜೊತೆ ಚಪ್ಪಾಳೆ. ಕೇಳುವವರ ತಲೆ ತಾನಾಗಿ ಅಲ್ಲಾಡತೊಡಗುತ್ತದೆ. ನೀವೂ ಮೊದಲು ಹೊಸ ಹಾಡಿನ ಹೈ ಹ್ಯಾಟ್ (ಚಿಕ್ ಚಿಕ್ ಅನ್ನುವ ಸಣ್ಣ ಸದ್ದು) ಒಂದನ್ನೇ ಬಿಡಿ, ಅದರ ದೊಡ್ಡ ಡ್ರಮ್ಮಿನ ಬಾಸ್ ಕೊನೆಗೆ.
– ತಬಲಾ ವಾದಕ, ಬೀದರ್

ನಾನು ಸೌಂಡ್ ಸಿಸ್ಟಂ ಬಾಡಿಗೆ ಕೊಡುತ್ತೇನೆ. ಆಂಬಿಯೆಂಟ್ ಟ್ರ್ಯಾಕುಗಳ ಮಟ್ಟ ಡ್ಯಾನ್ಸ್ ಟ್ರ್ಯಾಕುಗಳಿಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಹೆಡ್‌ಫೋನ್‌ನಲ್ಲಿ ಕೇಳಿ, ಚಾನೆಲ್‌ನ ಗೇನ್ (ಒಳಬರುವ ಸದ್ದಿನ ಮಟ್ಟ) ಮೊದಲೇ ಏರಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಹಾಡು ಬದಲಾದ ಹಾಗೆ ಅನಿಸಲ್ಲ, ಕರೆಂಟ್ ಹೋದ ಹಾಗೆ ಅನಿಸುತ್ತೆ. ಮುಂದಿನ ಹಾಡಿಗೆ ಹೋಗುವ ಮೊದಲು ಆ ಗೇನ್ ಮತ್ತೆ ಇಳಿಸುವುದು ಮರೆಯಬೇಡಿ, ಸ್ಪೀಕರ್ ನಮ್ಮಂಥವರದ್ದು.
– ಓದುಗ, ಯಾದಗಿರಿ